ಕುಂಟು ಗಿನಿಹಂದಿಯೂ ನಮ್ಮ ಋಣವೂ

'ಅದರಿಂದ ಏನು ಪ್ರಯೋಜನ?' ಎಂಬ ಪ್ರಶ್ನೆ ನಮ್ಮ ಹಳ್ಳಿಗಳಲ್ಲಿ ಬಹು ಹಳೆಯದು. ಅದು ಅನ್ಯಾಯದ ಪ್ರಶ್ನೆಯೆಂದು ನಾನು ಹೇಳಲಾರೆ. ಎರಡು ಎಕರೆ ಖುಷ್ಕಿಯಲ್ಲಿ ರಾಗಿ, ಹುರುಳಿ ಬೆಳೆದು ಬದುಕುವ ಮನೆಯಲ್ಲಿ ಮೇವಿಗೂ ಲೆಕ್ಕವುಂಟು, ಕಾಳಿಗೂ ಲೆಕ್ಕವುಂಟು. ಎತ್ತು ಉಳುತ್ತದೆ, ಹಸು ಹಾಲು ಕೊಡುತ್ತದೆ, ನಾಯಿ ಮನೆ ಕಾಯುತ್ತದೆ, ಬೆಕ್ಕು ಇಲಿ ಹಿಡಿಯುತ್ತದೆ. ಆದುದರಿಂದ ಅವುಗಳಿಗೆ ಮನೆಯಲ್ಲಿ ಜಾಗವಿದೆ. ನಾನು ಬಿ.ಎ. ತರಗತಿಗೆ ಸೇರಿದಾಗಲೂ ಊರಿನ ಹಿರಿಯರು ನನ್ನ ತಂದೆಯವರನ್ನು ಇದೇ ಮಾತು ಕೇಳಿದರು. 'ಇಂಜಿನಿಯರೂ ಅಲ್ಲ, ಡಾಕ್ಟರೂ ಅಲ್ಲ. ಇತಿಹಾಸ ಓದಿ ಏನು ಮಾಡುತ್ತಾನೆ?' ಎಂದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದುದರಿಂದ ಆ ಪ್ರಶ್ನೆಯ ಭಾರವನ್ನು ನಾನು ಬಲ್ಲೆ.

ಕಳೆದ ಒಂದು ವರ್ಷದಿಂದ ಈ ಪ್ರಶ್ನೆಯನ್ನು ಒಂದು ಸಣ್ಣ ಪ್ರಾಣಿಯ ವಿಷಯದಲ್ಲಿ ಕೇಳುತ್ತ ಬಂದಿದ್ದೇನೆ. ಆ ಪ್ರಾಣಿ ಗಿನಿಹಂದಿ. ಕೈಬಿಟ್ಟವರ ಕೈಯಿಂದ ಬಿಡಿಸಿ ತಂದ, ಊನವಾದ, ಮಾರಾಟಕ್ಕೂ ಬಾರದ ಒಂದು ಗಿನಿಹಂದಿಯನ್ನು ಮನೆಯಲ್ಲಿ ಇಟ್ಟುಕೊಂಡು ಸಾಕುವುದು ಸರಿಯೇ? ನಮ್ಮಂತಹ ಸಾಧಾರಣ ಸ್ಥಿತಿಯವರಿಗೆ ಅದು ತಕ್ಕುದೇ? ಸರಿಯೆಂಬುದೇ ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನೂ ಅದರ ಮಿತಿಗಳನ್ನೂ ಗುರುಗಳ ಮತ್ತು ಸಹಪಾಠಿ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಪ್ರಾಣಿಯ ಪರಿಚಯ ಮಾಡಿಕೊಡುವುದು ಅವಶ್ಯಕ, ಏಕೆಂದರೆ ಅದರ ಹೆಸರೇ ದಾರಿ ತಪ್ಪಿಸುವಂತಿದೆ. ಗಿನಿಹಂದಿ ಹಂದಿಯೂ ಅಲ್ಲ, ಆಫ್ರಿಕದ ಗಿನಿ ದೇಶದ್ದೂ ಅಲ್ಲ. ಇಲಿ, ಅಳಿಲುಗಳಂತೆ ಕಡಿದು ತಿನ್ನುವ ಜಾತಿಗೆ ಸೇರಿದ್ದು. ಬಾಲವಿಲ್ಲ, ಬೆಳೆದರೆ ಒಂದು ಕಿಲೋಗ್ರಾಂ ಆಸುಪಾಸು ತೂಗುತ್ತದೆ, ಚೆನ್ನಾಗಿ ನೋಡಿಕೊಂಡರೆ 5 ರಿಂದ 8 ವರ್ಷ ಬದುಕುತ್ತದೆ. ಇದರ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶ. ಪೆರು, ಬೊಲಿವಿಯಗಳ ಕಡೆಯ ರೈತರು ಹಲವು ಸಾವಿರ ವರ್ಷಗಳ ಹಿಂದೆಯೇ ಇದನ್ನು ಮಾಂಸಕ್ಕಾಗಿ ಪಳಗಿಸಿದರು. ಅಲ್ಲಿ 'ಕುಯಿ' ಎಂಬ ಹೆಸರಿನಿಂದ ಇದು ಈಗಲೂ ಊಟದ ತಟ್ಟೆಗೆ ಬರುತ್ತದೆ. 16ನೆಯ ಶತಮಾನದಲ್ಲಿ ಸ್ಪೇನಿನವರು ಆ ನಾಡಿಗೆ ಹೋದ ಮೇಲೆ ಇದು ಹಡಗೇರಿ ಯೂರೋಪಿಗೆ ಬಂದು ಮನೆಗಳಲ್ಲಿ ಮುದ್ದಿನ ಪ್ರಾಣಿಯಾಯಿತು. ಆಮೇಲೆ ಪ್ರಯೋಗಶಾಲೆಯನ್ನು ಹೊಕ್ಕಿತು. ಯಾರ ಮೇಲಾದರೂ ಹೊಸ ಪ್ರಯೋಗ ಮಾಡಿದರೆ ಅವರನ್ನು 'ಗಿನಿಪಿಗ್' ಮಾಡಿದರು ಎಂದು ಇಂಗ್ಲಿಷಿನಲ್ಲಿ ಹೇಳುವ ವಾಡಿಕೆ. ಒಂದು ಪ್ರಾಣಿಯ ಹೆಸರೇ ಪ್ರಯೋಗಪಶುವಿನ ಹೆಸರಾಗಬೇಕಾದರೆ ಅದು ಎಷ್ಟು ದುಡಿದಿರಬೇಕು!

ದುಡಿದುದರ ಲೆಕ್ಕವನ್ನು ಸ್ವಲ್ಪ ನೋಡೋಣ. 1782-83ರ ಚಳಿಗಾಲದಲ್ಲಿ ಫ್ರಾನ್ಸಿನ ಲವಾಸಿಯೇ ಮತ್ತು ಲಾಪ್ಲಾಸ್ ಎಂಬ ವಿಜ್ಞಾನಿಗಳು ಮಂಜುಗಡ್ಡೆ ತುಂಬಿದ ಉಪಕರಣದೊಳಗೆ ಗಿನಿಹಂದಿಯನ್ನಿಟ್ಟು, ಅದರ ಮೈಶಾಖದಿಂದ ಎಷ್ಟು ಮಂಜು ಕರಗುವುದೆಂದು ಅಳೆದರು. ಉಸಿರಾಟವೆಂಬುದು ನಿಧಾನವಾಗಿ ನಡೆಯುವ ಒಂದು ಬಗೆಯ ದಹನವೆಂದು ತಿಳಿದುಬಂದದ್ದು ಹೀಗೆ. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯರೋಗದ ಜೀವಾಣುವನ್ನು ಕಂಡುಹಿಡಿದ ಸಂಗತಿಯನ್ನು ಸಾರಿದನು. ಆ ಜೀವಾಣುವನ್ನು ಬೇರೆಯಾಗಿ ಬೆಳೆಸಿ, ಗಿನಿಹಂದಿಗಳಿಗೆ ಚುಚ್ಚಿ, ಅವುಗಳಿಗೆ ಕ್ಷಯ ಬರುವುದನ್ನು ತೋರಿಸಿದುದು ಅವನ ಬಲವಾದ ಪುರಾವೆಗಳಲ್ಲೊಂದು. ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಗಂಟಲಮಾರಿಗೆ ಬೇರಿಂಗ್ ಎಂಬ ವೈದ್ಯನು 1890ರ ದಶಕದಲ್ಲಿ ಸಿದ್ಧಪಡಿಸಿದ ಮದ್ದು ಮೊದಲು ಪರೀಕ್ಷೆಗೊಳಗಾದದ್ದೂ ಈ ಪ್ರಾಣಿಯ ಮೈಯಲ್ಲಿಯೇ. ಅದಕ್ಕಾಗಿ 1901ರಲ್ಲಿ ವೈದ್ಯಶಾಸ್ತ್ರದ ಪ್ರಪ್ರಥಮ ನೊಬೆಲ್ ಬಹುಮಾನ ಅವನಿಗೆ ಸಂದಿತು.

ಇನ್ನೊಂದು ಸಂಗತಿಯನ್ನು ಬಿಡಿಸಿ ಹೇಳಬೇಕು, ಏಕೆಂದರೆ ಮುಂದೆ ನಾನು ಹೇಳುವ ಮಾತಿಗೆ ಅದೇ ಆಧಾರ. ನಾರ್ವೆಯ ಹಡಗುಗಳ ನಾವಿಕರಿಗೆ ಬರುತ್ತಿದ್ದ ಒಂದು ಕಾಯಿಲೆಯ ಕಾರಣವನ್ನು ಹುಡುಕುತ್ತ ಹೋಲ್ಸ್ಟ್ ಮತ್ತು ಫ್ರೋಲಿಖ್ ಎಂಬ ಇಬ್ಬರು ವೈದ್ಯರು ಗಿನಿಹಂದಿಗಳಿಗೆ ಬರಿಯ ಕಾಳು, ರೊಟ್ಟಿ ತಿನ್ನಿಸಿ ನೋಡಿದರು. ಆ ಪ್ರಾಣಿಗಳಿಗೆ ಸ್ಕರ್ವಿ ರೋಗ ಬಂತು. ತಾಜಾ ಎಲೆಕೋಸನ್ನೋ ನಿಂಬೆಯ ರಸವನ್ನೋ ಕೊಟ್ಟರೆ ಅದು ತಗ್ಗಿತು. 1907ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮುಂದೆ ಹಂಗೆರಿಯ ಸೆಂಟ್-ಜ್ಯೋರ್ಜಿ ತಾನು ಬೇರ್ಪಡಿಸಿದ್ದ ವಸ್ತುವೇ ಸಿ ಜೀವಸತ್ವವೆಂಬುದನ್ನು 1932ರಲ್ಲಿ ಗಿನಿಹಂದಿಗಳ ಮೇಲೆಯೇ ಪರೀಕ್ಷಿಸಿ ತೋರಿಸಿದನು. 1937ರಲ್ಲಿ ಅವನಿಗೂ ನೊಬೆಲ್ ಬಹುಮಾನ ಬಂತು. ಈ ಕೆಲಸಕ್ಕೆ ಗಿನಿಹಂದಿಯೇ ಏಕೆ ಒದಗಿತು? ಹಸು, ಆಡು, ನಾಯಿ, ಇಲಿ ಮೊದಲಾದ ಬಹುತೇಕ ಪ್ರಾಣಿಗಳು ತಮಗೆ ಬೇಕಾದ ಸಿ ಜೀವಸತ್ವವನ್ನು ತಮ್ಮ ಮೈಯಲ್ಲಿಯೇ ತಯಾರಿಸಿಕೊಳ್ಳುತ್ತವೆ. ಆ ಶಕ್ತಿಯನ್ನು ಕಳೆದುಕೊಂಡಿರುವ ಕೆಲವೇ ಪ್ರಾಣಿಗಳಲ್ಲಿ ಗಿನಿಹಂದಿ ಒಂದು, ಮನುಷ್ಯ ಇನ್ನೊಂದು. ನಮ್ಮ ಕೊರತೆಯೇ ಅದಕ್ಕೂ ಇದ್ದುದರಿಂದ ಅದು ನಮ್ಮ ಬದಲಿಗೆ ನೋವುಣ್ಣಬೇಕಾಯಿತು.

ಇಲ್ಲಿ ನಮ್ಮ ತಂದೆಯವರ ಮಾತೊಂದನ್ನು ಹೇಳಬೇಕು. ಹನ್ನೆರಡು ವರ್ಷ ನೊಗ ಹೊತ್ತ ನಮ್ಮ ಎತ್ತೊಂದು ಕಾಲು ಸೋತು ಕೊಟ್ಟಿಗೆ ಸೇರಿದಾಗ, ಮೇವಿಲ್ಲದ ಆ ಬೇಸಗೆಯಲ್ಲಿಯೂ ಅದಕ್ಕೆ ಹುಲ್ಲು ಹೊಂಚಿ ಹಾಕುತ್ತಿದ್ದರು. ಯಾರೋ ಪ್ರಯೋಜನದ ಮಾತೆತ್ತಿದರು. 'ದುಡಿದೈತೆ ಕಣಪ್ಪ, ಅದರ ಋಣ ನಮ್ಮ ಮೇಲೈತೆ' ಎಂದಷ್ಟೇ ಹೇಳಿ ಸುಮ್ಮನಾದರು. ಪ್ರಯೋಜನದ ಲೆಕ್ಕ ಹಾಕುವ ರೈತನೇ ಋಣದ ಲೆಕ್ಕವನ್ನೂ ಬಲ್ಲನೆಂಬುದಕ್ಕೆ ಇದು ಸಾಕ್ಷಿ. ಗಿನಿಹಂದಿ ನಮ್ಮ ಹೊಲವನ್ನು ಉತ್ತಿಲ್ಲ, ನಿಜ. ಆದರೆ ನಮ್ಮ ಅಜ್ಜಿಯ ಚೊಚ್ಚಲ ಮಗು ಗಂಟಲಮಾರಿಯಿಂದ ತೀರಿಕೊಂಡಿತಂತೆ. ನನ್ನ ಅಕ್ಕನ ಮಗಳಿಗೆ ಆ ಭಯವಿಲ್ಲ. ಆರು ವಾರದ ಕೂಸಾಗಿದ್ದಾಗಿನಿಂದ ಸರ್ಕಾರದ ವತಿಯಿಂದ ಉಚಿತವಾಗಿ ಹಾಕಿದ ಚುಚ್ಚುಮದ್ದು ಅವಳನ್ನು ಕಾಯುತ್ತಿದೆ. ಆ ಮದ್ದಿನ ಹಿಂದೆ ಎಷ್ಟು ಗಿನಿಹಂದಿಗಳ ಪ್ರಾಣವಿದೆಯೋ! ಋಣ ನಮ್ಮ ಮನೆಯ ತೊಟ್ಟಿಲವರೆಗೂ ಬಂದಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಇನ್ನು ನಮ್ಮ ಮನೆಯ ಗಿನಿಹಂದಿಯ ವಿಷಯ. ನಾನು ಪಟ್ಟಣದಲ್ಲಿ ಅಕ್ಕನ ಮನೆಯಲ್ಲಿದ್ದು ಓದುತ್ತಿರುವವನು. ಭಾವನವರು ಆಟೋ ಓಡಿಸುತ್ತಾರೆ. ಕಳೆದ ವರ್ಷ ಇಲ್ಲಿ ಮೀನು, ಪಕ್ಷಿಗಳನ್ನು ಮಾರುತ್ತಿದ್ದ ಅಂಗಡಿಯೊಂದು ಮುಚ್ಚಿತು. ಉಳಿದುವೆಲ್ಲ ಮಾರಿಹೋಗಿ ಎರಡು ಹೆಣ್ಣು ಗಿನಿಹಂದಿಗಳು ತಂತಿಯ ಬೋನಿನಲ್ಲಿ ಉಳಿದಿದ್ದುವು. ಒಂದು ಸೊರಗಿತ್ತು, ಇನ್ನೊಂದರ ಹಿಂಗಾಲಿನ ಕೀಲುಗಳು ಊದಿ, ಅದು ಮೈಯನ್ನು ಎಳೆದುಕೊಂಡು ಚಲಿಸುತ್ತಿತ್ತು. ಅವುಗಳಿಗೆ ತಿಂಗಳುಗಟ್ಟಲೆ ಹಾಕಿದ್ದು ಜೋಳದ ನುಚ್ಚು ಮಾತ್ರ. ಸರ್ಕಾರಿ ಪಶು ಆಸ್ಪತ್ರೆಯ ವೈದ್ಯರು ಪ್ರಾಮಾಣಿಕರು. 'ನನಗೆ ದನ, ಕುರಿ ಗೊತ್ತಪ್ಪ; ಇದನ್ನು ಪುಸ್ತಕ ನೋಡಿ ಹೇಳುತ್ತೇನೆ, ನಾಳೆ ಬಾ' ಎಂದರು. ಮರುದಿನ ಅವರು ಹೇಳಿದ ರೋಗದ ಹೆಸರು ಸ್ಕರ್ವಿ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇದರ ಪೂರ್ವಿಕರು ಯಾವ ಕಾಯಿಲೆಯನ್ನು ಅನುಭವಿಸಿ ಮನುಷ್ಯರಿಗೆ ಮದ್ದು ತೋರಿಸಿಕೊಟ್ಟವೋ, ಅದೇ ಕಾಯಿಲೆ; ಹೆಚ್ಚುಕಡಮೆ ಅದೇ ಬಗೆಯ ಆಹಾರದಿಂದ. ಕಲಿಸಿದ ಪಾಠವನ್ನು ಕಲಿತವರು ಕಲಿಸಿದವರಿಗೇ ಪಾಲಿಸಲಿಲ್ಲ!

ಔಷಧ ಬಿದ್ದ ಮೇಲೆ ಊತ ಇಳಿಯಿತು, ನೋವು ಹೋಯಿತು. ಎಡ ಹಿಂಗಾಲು ಮಾತ್ರ ಸೊಟ್ಟಗೆ ಉಳಿದುಕೊಂಡಿದೆ. ಅಕ್ಕನ ಮಗಳು ಅದಕ್ಕೆ ಪುಟ್ಟಿ ಎಂದು ಹೆಸರಿಟ್ಟಿದ್ದಾಳೆ. ನೆರೆಮನೆಯವರು 'ಬಾಲವಿಲ್ಲದ ಇಲಿ' ಎಂದು ಕರೆಯುತ್ತಾರೆ. ಕೊತ್ತಂಬರಿ ಸೊಪ್ಪಿನ ಚೀಲದ ಸದ್ದು ಕೇಳಿದೊಡನೆ ಅದು ಸಿಳ್ಳು ಹಾಕುವುದನ್ನು ಕೇಳಲು ಅವರೂ ಬಾಗಿಲಿಗೆ ಬರುತ್ತಾರೆ.

ಇಂತಹ ಪ್ರಾಣಿಯ ಆರೈಕೆಯಲ್ಲಿ ದೊಡ್ಡ ತ್ಯಾಗವೇನೂ ಇಲ್ಲ. ಆದರೆ ಒಂದು ದಿನವೂ ತಪ್ಪಿಸುವಂತಿಲ್ಲ. ದಿನವಿಡೀ ಹುಲ್ಲು ಬೇಕೇ ಬೇಕು, ಏಕೆಂದರೆ ಅದರ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಿರುತ್ತವೆ. ಹುಲ್ಲನ್ನು ಅಗಿದೇ ಅವು ಸವೆಯಬೇಕು. ಕಿಲೋಗ್ರಾಂ ತೂಕಕ್ಕೆ ದಿನಕ್ಕೆ 10 ರಿಂದ 30 ಮಿಲಿಗ್ರಾಂ ಸಿ ಜೀವಸತ್ವ ಸೇರಬೇಕು. ದೊಣ್ಣೆಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಇದಕ್ಕೆ ಒಳ್ಳೆಯವು. ಸಾಲದಿದ್ದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಮದ್ದನ್ನು ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಗೆ ಹಾಕಬೇಕು. ಕುಂಟು ಪ್ರಾಣಿ ತಂತಿಯ ನೆಲದ ಮೇಲಿದ್ದರೆ ಪಾದ ಹುಣ್ಣಾಗುತ್ತದೆ. ಆದುದರಿಂದ ಅಕ್ಕನ ಹಳೆಯ ಹತ್ತಿ ಸೀರೆಗಳನ್ನು ಮಡಿಸಿ ಹಾಸುತ್ತೇವೆ. ತನ್ನ ಹಿಂಭಾಗವನ್ನು ತಾನೇ ಶುಚಿ ಮಾಡಿಕೊಳ್ಳಲಾರದಾದುದರಿಂದ ದಿನವೂ ಉಗುರುಬೆಚ್ಚಗಿನ ನೀರಿನಿಂದ ಒರೆಸಬೇಕು. ಉದಾಸೀನ ಮಾಡಿದರೆ ನೊಣ ಕೂತು ಹುಳುವಾಗುತ್ತದೆ. ಬೇಟೆಗೆ ಸಿಕ್ಕುವ ಜಾತಿಯಾದುದರಿಂದ ಇದು ಕಾಯಿಲೆಯನ್ನು ಬಚ್ಚಿಡುತ್ತದೆ. ತೂಕ ಇಳಿಯುವುದೇ ಮೊದಲ ಸೂಚನೆ. ಪ್ರತಿ ಭಾನುವಾರ ಮೂಲೆಯಂಗಡಿಯ ತಕ್ಕಡಿಯಲ್ಲಿ ಪುಟ್ಟಿಯನ್ನು ತೂಗುತ್ತೇವೆ. ಕಳೆದ ವಾರ 780 ಗ್ರಾಂ. ಅರ್ಧ ದಿನ ಮೇವು ಮುಟ್ಟದಿದ್ದರೆ ಕರುಳಿನ ಕೆಲಸವೇ ನಿಲ್ಲುವ ಅಪಾಯವುಂಟು. ಒಡನೆಯೇ ವೈದ್ಯರಲ್ಲಿಗೆ ಓಡಬೇಕು. ಮನುಷ್ಯರ ಮಾತ್ರೆಗಳನ್ನು ನಾವಾಗಿಯೇ ಕೊಡಬಾರದು. ಪೆನಿಸಿಲಿನ್ ಜಾತಿಯ ಔಷಧಗಳನ್ನು ನುಂಗಿಸಿದರೆ ಅದರ ಪ್ರಾಣವೇ ಹೋಗಬಹುದು. ಎರಡಕ್ಕೂ ಸೇರಿ ತಿಂಗಳಿಗೆ ಸುಮಾರು 350 ರೂಪಾಯಿ ಖರ್ಚು. ಸಂಜೆ ಮಕ್ಕಳಿಗೆ ಪಾಠ ಹೇಳಿ ಬಂದುದರಲ್ಲಿ ಅದನ್ನು ತೂಗಿಸುತ್ತೇನೆ. ಗರಿಕೆ ಹುಲ್ಲಿಗೆ ಕಾಸಿಲ್ಲ.

'ವಿಶೇಷ ಅಗತ್ಯಗಳುಳ್ಳ ಪ್ರಾಣಿ' ಎಂದು ಈಚೆಗೆ ಹೇಳುವುದುಂಟು. ಈ ಮಾತನ್ನು ನಾವು ಸ್ವಲ್ಪ ಯೋಚಿಸಿ ನೋಡಬೇಕು. ಸಿ ಜೀವಸತ್ವದ ಮಟ್ಟಿಗೆ ಆಡಿನ ಮುಂದೆ ಮನುಷ್ಯನೇ ಊನವಾದ ಪ್ರಾಣಿ. ಒಣಮೇವು ತಿಂದು ಬದುಕುವ ಆಡಿಗೆ ಸ್ಕರ್ವಿ ಬರುವುದಿಲ್ಲ, ನಮಗೆ ಬರುತ್ತದೆ. ಹಾಗಾದರೆ ನಾವು ದಿನವೂ ತಿನ್ನುವ ಸೊಪ್ಪು, ನಿಂಬೆ, ನೆಲ್ಲಿಕಾಯಿಗಳೆಲ್ಲ ನಮ್ಮ ವಿಶೇಷ ಅಗತ್ಯಗಳೇ ಸರಿ. ನಮಗೆ ಹಾಗೆ ತೋರದಿರುವುದಕ್ಕೆ ಕಾರಣ, ಎಲ್ಲರಿಗೂ ಅದು ಬೇಕಾಗಿರುವುದು ಮತ್ತು ಎಲ್ಲರಿಗೂ ಅದು ಸಿಕ್ಕುವುದು. ಎಲ್ಲರಿಗೂ ಬೇಕಾದುದನ್ನು ಒದಗಿಸಿದರೆ ಅದು ವ್ಯವಸ್ಥೆ. ಒಬ್ಬರಿಗೆ ಬೇಕಾದುದನ್ನು ಒದಗಿಸಿದರೆ ಅದು ಉಪಕಾರವೆಂದು ನಾವು ಎಣಿಸುತ್ತೇವೆ. ಈ ಎಣಿಕೆ ಸರಿಯಲ್ಲ. ಮನುಷ್ಯರನ್ನು ಪ್ರಾಣಿಗಳಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ. ಆದರೆ ಕಾಲೇಜಿನ ಬಾಗಿಲಲ್ಲಿ ಗಾಲಿಕುರ್ಚಿ ಹತ್ತುವ ಇಳಿಜಾರು ಬೇಕೆಂದರೆ 'ಒಬ್ಬನಿಗಾಗಿ ಇಷ್ಟೆಲ್ಲ ಏಕೆ?' ಎಂದು ಕೇಳುವ ನಾಲಗೆಯೂ, ಕುಂಟು ಪ್ರಾಣಿಯನ್ನು ಕಂಡು ಪ್ರಯೋಜನವೇನೆನ್ನುವ ನಾಲಗೆಯೂ ಒಂದೇ ಎಂದು ನನಗೆ ತೋರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಅಂತಹ ಸೌಕರ್ಯವನ್ನು ದಾನವೆಂದು ಕರೆಯದೆ ಹಕ್ಕು ಎಂದು ಕರೆದಿರುವುದನ್ನು ನಾವು ಮರೆಯಬಾರದು.

ಈಗ ಆಕ್ಷೇಪಣೆಗಳಿಗೆ ಬರೋಣ. ಮೊದಲನೆಯದು, 'ಹಸಿದ ಮನುಷ್ಯರಿರುವಾಗ ಇಲಿಗೆ ಔಷಧವೇ?' ಎಂಬುದು. ಇದು ಗಂಭೀರವಾದ ಪ್ರಶ್ನೆ. ಹಸಿವನ್ನು ಕಂಡ ಮನೆಯಿಂದಲೇ ಬಂದವನಾದ ನಾನು ಇದನ್ನು ಹಗುರವಾಗಿ ತಳ್ಳಲಾರೆ. ನನ್ನ ಉತ್ತರವಿಷ್ಟೆ: ಈ ಪ್ರಶ್ನೆಯನ್ನು ಸಿನಿಮಾ ಟಿಕೇಟಿಗೂ ಮೊಬೈಲಿನ ಹೊಸ ಕವಚಕ್ಕೂ ನಾವು ಕೇಳುವುದಿಲ್ಲ, ಬಾಯಿಲ್ಲದ ಪ್ರಾಣಿಯ ಸರದಿ ಬಂದಾಗ ಮಾತ್ರ ಕೇಳುತ್ತೇವೆ. ಪ್ರಾಣಿಗೆ ಕೊಡದೆ ಉಳಿಸಿದ 350 ರೂಪಾಯಿ ಹಸಿದವನ ಕೈಸೇರುವುದನ್ನು ನಾನು ಇದುವರೆಗೆ ಕಂಡಿಲ್ಲ. ಅಷ್ಟೇ ಅಲ್ಲ, ದಯೆಯೆಂಬುದು ಕಣಜದ ರಾಗಿಯಂತೆ ಅಳೆದು ಕೊಟ್ಟರೆ ಮುಗಿದುಹೋಗುವ ವಸ್ತುವಲ್ಲ. ಮಾಡಿ ಮಾಡಿ ಕೈಗೆ ಹತ್ತುವ ಕಸಬದು. ಪುಟ್ಟಿಯ ಮೈ ಒರೆಸುವುದನ್ನು ಕಲಿತ ಅಕ್ಕನ ಮಗಳು ಹಾಸಿಗೆ ಹಿಡಿದ ತನ್ನ ತಂದೆಯ ಅಜ್ಜಿಯ ಮುಖ ತೊಳೆಯಲು ಈಗ ಯಾರೂ ಹೇಳದೆಯೇ ಹೋಗುತ್ತಾಳೆ.

ಎರಡನೆಯ ಆಕ್ಷೇಪಣೆ, 'ಹೊಲದಲ್ಲಿ ಬಿಟ್ಟುಬಿಟ್ಟರೆ ಸ್ವತಂತ್ರವಾಗಿ ಬದುಕುವುದಿಲ್ಲವೇ?' ಎಂಬುದು. ಬದುಕುವುದಿಲ್ಲ. ಸಾವಿರಾರು ವರ್ಷ ಮನುಷ್ಯನ ಆಶ್ರಯದಲ್ಲಿ ಬೆಳೆದ ಪ್ರಾಣಿಗೆ ಕಾಡಿನ ಬುದ್ಧಿಯಿಲ್ಲ. ನಾಯಿ, ಬೆಕ್ಕು, ಹದ್ದುಗಳ ಪಾಲಾಗುತ್ತದೆ. ನಮ್ಮ ಬಯಲುಸೀಮೆಯ ಬಿಸಿಲನ್ನೂ ಅದು ತಾಳಲಾರದು. ಹಾಗೆ ಬಿಡುವುದಕ್ಕೆ ಸ್ವಾತಂತ್ರ್ಯವೆಂದು ಹೆಸರಿಡುವುದು ನಮ್ಮ ಸಮಾಧಾನಕ್ಕೆ ಮಾತ್ರ. ನೋವು ಯಾವ ಮದ್ದಿಗೂ ಬಗ್ಗದಂತಾದಾಗ ವೈದ್ಯರ ಕೈಯಿಂದ ಅದಕ್ಕೆ ಸುಖವಾದ ಮರಣ ಕೊಡಿಸುವುದು ಕ್ರೌರ್ಯವಲ್ಲವೆಂದು ನಾನೂ ಒಪ್ಪುತ್ತೇನೆ. ಆದರೆ ಪುಟ್ಟಿಗೆ ಈಗ ನೋವಿಲ್ಲ. ನಡಿಗೆ ಮಾತ್ರ ಸೊಟ್ಟ. ಸೊಟ್ಟ ನಡಿಗೆ ಸಾವಿಗೆ ಕಾರಣವಾಗಬೇಕಾಗಿಲ್ಲ.

ಹಾಗೆಂದು ಎಲ್ಲರೂ ಇಂತಹ ಪ್ರಾಣಿಯನ್ನು ಮನೆಗೆ ತರಬೇಕೆಂದು ನಾನು ಹೇಳುವುದಿಲ್ಲ. ಕನಿಕರ ಬಂದ ಗಳಿಗೆಯಲ್ಲಿ ತಂದು, ಪರೀಕ್ಷೆ ಬಂದಾಗ ಮರೆಯುವವರು ತರದಿರುವುದೇ ಮೇಲು. ಹಾಸ್ಟೆಲಿನಲ್ಲಿರುವವರು, ಬೇಟೆಯಾಡುವ ಬೆಕ್ಕಿರುವ ಮನೆಯವರು, ಮಗುವಿಗೆ ಆಟದ ಸಾಮಾನು ಬೇಕೆನ್ನುವವರು ತರಬಾರದು. ಒಂಟಿಯಾಗಿಡುವುದೂ ತರವಲ್ಲ, ಗಿನಿಹಂದಿ ಗುಂಪಿನಲ್ಲಿ ಬಾಳುವ ಪ್ರಾಣಿ. 2008ರಲ್ಲಿ ಜಾರಿಗೆ ಬಂದ ಸ್ವಿಟ್ಜರ್ಲೆಂಡಿನ ನಿಯಮವು ಅದನ್ನು ಜೊತೆಯಿಲ್ಲದೆ ಸಾಕಕೂಡದೆಂದೇ ವಿಧಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ಐದಾರು ವರ್ಷಗಳ ಹೊಣೆ ಯಾರದೆಂಬುದು ಮೊದಲೇ ನಿಶ್ಚಯವಾಗಿರಬೇಕು. ಬರುವ ವರ್ಷ ನಾನು ಬಿ.ಎಡ್. ಓದಲು ಬೇರೆ ಊರಿಗೆ ಹೋಗಬೇಕಾಗಬಹುದು. 'ನೀನು ಎಲ್ಲಿಗಾದರೂ ಹೋಗು, ಪುಟ್ಟಿ ಇಲ್ಲೇ ಇರುತ್ತೆ' ಎಂದು ಅಕ್ಕ ಮಾತು ಕೊಟ್ಟ ಮೇಲೆಯೇ ಬೋನು ಮನೆಗೆ ಬಂದದ್ದು.

ನಮ್ಮ ದೇಶಕ್ಕೆ ಈ ವಿಚಾರ ಹೊಸದಲ್ಲ. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದುದನ್ನು ಅಶೋಕನು ತನ್ನ ಎರಡನೆಯ ಬಂಡೆಗಲ್ಲಿನ ಶಾಸನದಲ್ಲಿ ಹೇಳಿಕೊಂಡಿರುವುದನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲ ಓದಿದ್ದೇವೆ. ಸ್ವಾತಂತ್ರ್ಯ ಬಂದ ಮೇಲೆ ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಪ್ರಾಣಿಗಳ ಪರವಾಗಿ ದನಿಯೆತ್ತಿದರು. 1960ರಲ್ಲಿ ಪ್ರಾಣಿಹಿಂಸಾ ನಿವಾರಣಾ ಕಾಯಿದೆ ಬಂತು. 1976ರ ತಿದ್ದುಪಡಿಯಿಂದ ಜೀವಿಗಳಲ್ಲಿ ಅನುಕಂಪ ತೋರುವುದು ಸಂವಿಧಾನದಲ್ಲಿಯೇ ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿತು. 1998ರ ನಿಯಮಗಳು ಪ್ರಯೋಗಶಾಲೆಗಳಿಗೆ ಕಡಿವಾಣ ಹಾಕಿದುವು. 2014ರಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು ನಿಷೇಧವಾಯಿತು. ಪ್ರಾಣಿ ಮಾರುವ ಅಂಗಡಿಗಳು ನೋಂದಣಿ ಮಾಡಿಸಬೇಕೆಂದು 2018ರ ನಿಯಮಗಳು ಹೇಳುತ್ತವೆ. ಬೆಂಗಳೂರಿನಲ್ಲಿ ಪ್ರಯೋಗಶಾಲೆಗಳಿಂದ ಬಿಡುಗಡೆಯಾದ ಬೀಗಲ್ ನಾಯಿಗಳನ್ನು ಹಲವು ಕುಟುಂಬಗಳು ಮನೆಗೆ ಕರೆದೊಯ್ದಿವೆ. ಕಾನೂನು ಇಷ್ಟು ದೂರ ನಡೆದಿದೆ. ಆದರೆ ಬೆಳಿಗ್ಗೆ ಎದ್ದು ಹುಲ್ಲು ಹಾಕಲು ಕಾನೂನು ಬರಲಾರದು, ಮನುಷ್ಯರೇ ಬರಬೇಕು.

ಆದುದರಿಂದ ನಮ್ಮ ಕಾಲೇಜಿನ ಮಟ್ಟಿಗೆ ಕೆಲವು ಸಲಹೆಗಳನ್ನು ವಿನಯದಿಂದ ಮುಂದಿಡುತ್ತೇನೆ. ರಾಷ್ಟ್ರೀಯ ಸೇವಾ ಯೋಜನೆಯ ಘಟಕವು ವರ್ಷಕ್ಕೊಮ್ಮೆ ಪಶುವೈದ್ಯರನ್ನು ಕರೆಸಿ, ಸಾಕುಪ್ರಾಣಿಗಳ ಆರೈಕೆಯ ಬಗ್ಗೆ ಒಂದು ಉಪನ್ಯಾಸ ಏರ್ಪಡಿಸಲಿ. ಬೇಡವಾದ ಪ್ರಾಣಿಗಳಿಗೆ ಆಶ್ರಯ ಕೊಡಲು ಸಿದ್ಧರಿರುವ ಮನೆಗಳ ಪಟ್ಟಿಯೊಂದನ್ನು ವಿದ್ಯಾರ್ಥಿ ಸಂಘದವರು ಇಟ್ಟುಕೊಳ್ಳಲಿ. ಪ್ರಾಣಿ ಸಾಕಬೇಕೆನ್ನುವ ಮಿತ್ರರು ಅಂಗಡಿಗೆ ಹೋಗುವ ಮೊದಲು ಆ ಪಟ್ಟಣದಲ್ಲಿ ಯಾರಾದರೂ ಕೈಬಿಟ್ಟ ಪ್ರಾಣಿ ಇದೆಯೇ ಎಂದು ವಿಚಾರಿಸಲಿ. ಇದ್ದರೆ, ಅದರ ಕಾಲು ಸೊಟ್ಟಗಿದೆ ಎಂಬ ಒಂದೇ ಕಾರಣದಿಂದ ಹಿಂದಿರುಗದಿರಲಿ.

ಕಲಾ ಕಾಲೇಜಿನ ವಿದ್ಯಾರ್ಥಿಗಳಾದ ನಮಗೆ ಪ್ರಯೋಜನದ ಪ್ರಶ್ನೆ ಬಾಳೆಲ್ಲ ಎದುರಾಗುವಂತಹುದು. ಅದಕ್ಕೆ ಹೆದರಬೇಕಾದುದಿಲ್ಲ, ಕೇಳಿದವರ ಮೇಲೆ ಸಿಟ್ಟಾಗಬೇಕಾದುದೂ ಇಲ್ಲ. ಅದರ ಪಕ್ಕದಲ್ಲಿ ಋಣದ ಪ್ರಶ್ನೆಯನ್ನೂ ಇಟ್ಟು ಕೇಳುವುದನ್ನು ಕಲಿತರೆ ನಾವು ಓದಿದ ಮೂರು ವರ್ಷ ಸಾರ್ಥಕವಾಯಿತೆಂದು ನನ್ನ ಭಾವನೆ. ಸಂಕ್ರಾಂತಿಗೆ ಊರಿನಿಂದ ಬಂದಿದ್ದ ನಮ್ಮ ತಂದೆಯವರು ಪುಟ್ಟಿಯನ್ನು ಬಹಳ ಹೊತ್ತು ನೋಡಿದರು. ಏನು ಪ್ರಯೋಜನವೆಂದು ಅವರು ಕೇಳಲಿಲ್ಲ. 'ಇದಕ್ಕೆ ಎಳೆ ಗರಿಕೆ ಆಗ್ತದಾ?' ಎಂದು ಕೇಳಿದರು. ಈಗ ಊರಿನಿಂದ ಯಾರೇ ಬರಲಿ, ಅವರ ಕೈಯಲ್ಲಿ ಒಂದು ಕಟ್ಟು ಗರಿಕೆ ಇರುತ್ತದೆ.